ಅಪ್‌ಡೇಟ್: ‘ದಿ ಟೆರರ್’ ಓದಿ ಮುಗಿಸಿದೆ

ಡ್ಯಾನ್ ಸಿಮನ್ಸ್ ಬರೆದ ‘ದಿ ಟೆರರ್’ (2007), ಆರ್ಕ್ಟಿಕ್ ಹಿಮದಲ್ಲಿ ಸಿಕ್ಕಿಬಿದ್ದ ಬ್ರಿಟಿಷ್ ಹಡಗುಗಳ ಕಾದಂಬರಿ, ಏಳುನೂರು ಪುಟ ದಾಟುತ್ತದೆ, ಅಷ್ಟು ನಿಧಾನದ ಭಯಕ್ಕೆ ಸಮಯ ಕೊಡಬಹುದಾ ಅಂತ ಕೇಳಿದ್ದೆ. ಕೊಡಬಹುದು, ಆದರೆ ಓದೋ ಕ್ರಮ ಬೇರೆ.

ಅಧ್ಯಾಯದ ತಲೆಯಲ್ಲಿ ಪಾತ್ರದ ಹೆಸರು, ಅಕ್ಷಾಂಶ-ರೇಖಾಂಶ, ತಿಂಗಳು, ವರ್ಷ ಇರುತ್ತೆ. ಅದನ್ನು ಹಾರಿಸಿದರೆ ಕೆಟ್ಟಿರಿ! ಕತೆ ಶುರುವಾಗೋದು 1847ರ ಅಕ್ಟೋಬರ್‌ನಲ್ಲಿ. ಮುಂದಿನ ಅಧ್ಯಾಯ 1845ಕ್ಕೆ ಹಿಂದೆ ಹೋಗುತ್ತೆ. ಅಷ್ಟರಲ್ಲೇ ಸತ್ತಿದ್ದ ಯಾತ್ರೆಯ ಮುಖಂಡ ಫ್ರಾಂಕ್ಲಿನ್ ಸಾಹೇಬರು ಎದ್ದು ಬಂದರಾ ಅನ್ನಿಸೋದು ಅದಕ್ಕೇ. ಹಡಗು ಎರಡು, ಜನ 129. ಎಲ್ಲರ ಹೆಸರು ನೆನಪಿಡಬೇಕಿಲ್ಲ. ‘ಟೆರರ್’ ಹಡಗಿನ ಕಪ್ತಾನ ಕ್ರೋಜಿಯರ್, ಡಾಕ್ಟರ್ ಗುಡ್‌ಸರ್, ನಾವಿಕ ಹಿಕ್ಕಿ, ಈ ಮೂವರನ್ನು ಹಿಡಿದರೆ ಸಾಕು.

ಹಡಗಿನವರನ್ನು ಬೇಟೆಯಾಡೋ ಮಂಜಿನ ಮೇಲಿನ ಪ್ರಾಣಿಗಾಗಿ ಕಾಯುತ್ತ ಕೂತವರಿಗೇ ಬೇಜಾರು. ನಿಜವಾದ ಹೆದರಿಕೆ ಕೆಟ್ಟ ಬೆಸುಗೆಯ ಡಬ್ಬಿ ಊಟ, ಸ್ಕರ್ವಿ. ಸಿ ಜೀವಸತ್ವ ಇಲ್ಲದೆ ವಸಡು ಕಪ್ಪಾಗಿ, ಎಂದೋ ಮಾಗಿದ ಗಾಯ ಮತ್ತೆ ಬಾಯಿಬಿಡುತ್ತೆ. ನೂರೈವತ್ತು ಪುಟದೊಳಗೆ ಇದು ತಟ್ಟದಿದ್ದರೆ ಬಿಟ್ಟುಬಿಡಿ. ಕೊನೆಯ ಭಾಗ ಆರ್ಕ್ಟಿಕ್‌ನ ಮೂಲನಿವಾಸಿಗಳಾದ ಇನ್ಯುಯಿಟ್ ಜನರ ಪುರಾಣದ ಕಡೆ ಹೊರಳುತ್ತೆ. ನನಗೆ ಹಿಡಿಸಿತು, ಹಲವರಿಗೆ ಹಿಡಿಸಲ್ಲ.

ಕಾರವಾರದ ಮೇ ಸೆಕೆಯಲ್ಲಿ ಬೇಡ. ಶಿರಸಿಯ ಆಷಾಢದ ಮಳೆಗೆ ಇಟ್ಟುಕೊಳ್ಳಿ, ಕರೆಂಟ್ ಹೋದರಂತೂ ಇನ್ನೂ ಚೊಲೊ.