ಅಪ್‌ಡೇಟ್: ಕೊನೆಗೂ ಕ್ಯಾಮೆರಾ ಕೊಂಡೆ

ಕಡಿಮೆ ಖರ್ಚಿನಲ್ಲಿ ಹವ್ಯಾಸಿ ಛಾಯಾಗ್ರಹಣ ಆರಂಭಿಸಲು ಹೆಚ್ಚು ಝೂಮ್ ಇರುವ ಹೊಸ ಕಾಂಪ್ಯಾಕ್ಟ್ (ಲೆನ್ಸ್ ಬದಲಿಸಲಾಗದ ಪುಟ್ಟ ಕ್ಯಾಮೆರಾ) ಒಳ್ಳೆಯದೋ, ಬಳಸಿದ ಡಿಎಸ್‌ಎಲ್‌ಆರ್ (ಲೆನ್ಸ್ ಬದಲಿಸಬಹುದಾದ ದೊಡ್ಡ ಕ್ಯಾಮೆರಾ) ಒಳ್ಳೆಯದೋ ಎಂದು ಹಿಂದೆ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಕೃತಜ್ಞತೆಗಳು. ಬಳಸಿದ ನಿಕಾನ್ ಡಿ3400 ಡಿಎಸ್‌ಎಲ್‌ಆರ್ ಕೊಂಡಿದ್ದೇನೆ.

ನಿರ್ಧಾರಕ್ಕೆ ಮುಖ್ಯ ಕಾರಣ, ಬೆಳಕನ್ನು ಹಿಡಿದು ಚಿತ್ರವಾಗಿಸುವ ಸೆನ್ಸರ್‌ನ ಗಾತ್ರ. ಅಂತಹ ಕಾಂಪ್ಯಾಕ್ಟ್‌ಗಳಲ್ಲಿ ಸಾಮಾನ್ಯವಾಗಿರುವ 1/2.3 ಇಂಚಿನ ಸೆನ್ಸರ್‌ಗಿಂತ ಇದರ ಎಪಿಎಸ್-ಸಿ (ಡಿಎಸ್‌ಎಲ್‌ಆರ್‌ಗಳಲ್ಲಿ ಸಾಮಾನ್ಯವಾದ ಅಳತೆಯ) ಸೆನ್ಸರ್‌ನ ವಿಸ್ತೀರ್ಣ ಹತ್ತು ಪಟ್ಟಿಗೂ ಹೆಚ್ಚು. ಹಾಗಾಗಿ ಸಂಜೆಯ ಮಂದ ಬೆಳಕಿನಲ್ಲಿ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸಂವೇದನೆಯ ಮಟ್ಟ) ಏರಿಸಿದರೂ ಕೂದಲಿನ ಎಳೆ, ಬಟ್ಟೆಯ ನೇಯ್ಗೆಯಂತಹ ಸೂಕ್ಷ್ಮ ವಿವರಗಳು ಕಲಸಿಹೋಗದೆ ಉಳಿಯುತ್ತವೆ. ದೂರದ ಹಕ್ಕಿಗಳೇ ಮುಖ್ಯವೆನ್ನುವವರಿಗೆ ಮಾತ್ರ ಝೂಮ್ ಕಾಂಪ್ಯಾಕ್ಟೇ ಅಗ್ಗದ ದಾರಿ.

ಕೊಳ್ಳುವ ಮುನ್ನ, ನಿಮ್ಮಲ್ಲೊಬ್ಬರು ಹೇಳಿದಂತೆ, ಲೆನ್ಸ್‌ನೊಳಗೆ ಬೆಳಕು ಬಿಡುವ ರಂಧ್ರವಾದ ಅಪರ್ಚರ್ ಅನ್ನು ಎಫ್/16ಕ್ಕೆ ಇಳಿಸಿ (ಎಫ್ ಸಂಖ್ಯೆ ದೊಡ್ಡದಾದಷ್ಟೂ ರಂಧ್ರ ಕಿರಿದು) ಬಿಳಿ ಗೋಡೆಯ ಚಿತ್ರ ತೆಗೆದು, ಅದನ್ನು ಹಿಗ್ಗಿಸಿ ನೋಡಿದೆ. ಮೂಲೆಯಲ್ಲಿ ಕಂಡ ಬೂದು ಚುಕ್ಕೆ ಸೆನ್ಸರ್ ಮೇಲಿನ ಧೂಳಾಗಿತ್ತು. ಬ್ಲೋವರ್‌ನಿಂದ ಊದಿದಾಗ ಹೋಯಿತು. ಶಟರ್ ಎಷ್ಟು ಬಾರಿ ಬಿದ್ದಿದೆ, ಅಂದರೆ ಕ್ಯಾಮೆರಾ ಎಷ್ಟು ಬಳಕೆಯಾಗಿದೆ ಎಂಬುದನ್ನೂ ಚಿತ್ರದ ಎಕ್ಸಿಫ್ ಮಾಹಿತಿಯಲ್ಲಿ (ಚಿತ್ರದ ಫೈಲಿನೊಳಗೆ ಕ್ಯಾಮೆರಾ ಬರೆದಿಡುವ ವಿವರಗಳು) ಪರಿಶೀಲಿಸಿದೆ.

ಮುಂದೆ 35 ಮಿ.ಮೀ. ಎಫ್/1.8 ಲೆನ್ಸ್ ಕೊಳ್ಳುವ ಆಸೆಯಿದೆ. ಕಿಟ್ ಲೆನ್ಸ್‌ನ (ಕ್ಯಾಮೆರಾ ಜೊತೆಗೆ ಬರುವ ಲೆನ್ಸ್) ಎಫ್/5.6ಕ್ಕೆ ಹೋಲಿಸಿದರೆ ಅದು ಒಂಬತ್ತು ಪಟ್ಟಿಗೂ ಹೆಚ್ಚು ಬೆಳಕನ್ನು ಒಳಗೆ ಬಿಡುತ್ತದೆ. ಡಿ3400ರ ಬಾಡಿಯಲ್ಲಿ ಫೋಕಸ್ ಮೋಟಾರ್ ಇಲ್ಲದ ಕಾರಣ, ಸ್ವಂತ ಮೋಟಾರ್ ಇರುವ ಎಎಫ್-ಎಸ್ ಲೆನ್ಸನ್ನೇ ಹುಡುಕುತ್ತಿದ್ದೇನೆ.