ಜೈಂಟ್ಸ್ ದುಡ್ಡು ಯಾರ ಮೇಲೆ ಹಾಕಬೇಕು: ನಮ್ಮನೆಯ ಚಳಿಗಾಲದ ಜಗಳ

ಎಲ್ಲರಿಗೂ ನಮಸ್ಕಾರ. ಮಕ್ಕಳಿಗೆ ಬೇಸ್‌ಬಾಲ್ ಹುಚ್ಚು ಜಾಸ್ತಿಯಾಗಿದೆ, ಆಟವೇ ಇಲ್ಲದ ಡಿಸೆಂಬರ್‌ನಲ್ಲೂ ಯಾರು ಯಾವ ಟೀಮಿಗೆ ಹೋದರು ಅಂತ ಫೋನ್ ನೋಡುತ್ತಾ ಕೂರುತ್ತಾರೆ, ಬಿಡಿಸುವುದು ಹೇಗೆ ಎಂದು ಇಲ್ಲಿ ಒಬ್ಬರು ಕೇಳಿದ್ದರು. ಬಿಡಿಸಬೇಡಿ ಅನ್ನುವವರ ಕಡೆ ನಾನು. ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ನನ್ನ ಮಗಳಿಗೆ 13. ಹುಟ್ಟಿ ಬೆಳೆದದ್ದು ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ, ಟೀಮು ಸ್ಯಾನ್ ಫ್ರಾನ್ಸಿಸ್ಕೋ ಜೈಂಟ್ಸ್. 2010, 2012, 2014ರಲ್ಲಿ ಮೂರು ಸಲ ವರ್ಲ್ಡ್ ಸೀರೀಸ್, ಅಂದರೆ ಲೀಗಿನ ಫೈನಲ್, ಗೆದ್ದ ಜೈಂಟ್ಸ್ ಅವಳಿಗೆ ನೆನಪಿಲ್ಲ, ಪಾಪ. ಅವಳು ಕಂಡಿರುವುದು 2022ರಲ್ಲಿ 81 ಗೆಲುವು, 81 ಸೋಲು. ಮುಂದಿನ ವರ್ಷ 79 ಗೆಲುವು. ಆಮೇಲೆ 80. 2025ರಲ್ಲಿ ಮತ್ತೆ 81ಕ್ಕೆ 81. ಇತ್ತ ಪಾಸೂ ಅಲ್ಲ, ಅತ್ತ ಫೇಲೂ ಅಲ್ಲ. ಅದೇ ಹೊತ್ತಿಗೆ ಲಾಸ್ ಏಂಜಲೀಸ್‌ನ ಡಾಡ್ಜರ್ಸ್ 2024, 2025 ಎರಡೂ ವರ್ಷ ಕಪ್ ಎತ್ತಿದರು. ಹೊಟ್ಟೆ ಉರಿಯದೆ ಇರುತ್ತದಾ?

ಅವಳ ದೂರು ಒಂದೇ. ನಮ್ಮ ಓನರ್‌ಗಳು ಜಿಪುಣರು. 2022ರ ಡಿಸೆಂಬರ್‌ನಲ್ಲಿ ದೊಡ್ಡ ಬ್ಯಾಟರ್ ಆರನ್ ಜಡ್ಜ್ ಬರುತ್ತಾನೆ ಅಂತ ಕಾದದ್ದೇ ಬಂತು, ಅವನು 360 ಮಿಲಿಯನ್ ಡಾಲರ್‌ಗೆ ನ್ಯೂಯಾರ್ಕ್‌ನ ಯಾಂಕೀಸ್‌ನಲ್ಲೇ ಉಳಿದ. ಅದೇ ತಿಂಗಳು ಕಾರ್ಲೋಸ್ ಕೊರೆಯಾ ಜೊತೆ 13 ವರ್ಷಕ್ಕೆ 350 ಮಿಲಿಯನ್ ಮಾತಾಗಿ, ವೈದ್ಯಕೀಯ ಪರೀಕ್ಷೆಯ ಹಂತದಲ್ಲಿ ಮುರಿದು ಬಿತ್ತು. ಮರುವರ್ಷ ಜಪಾನಿನ ಸ್ಟಾರ್ ಒಟಾನಿ 10 ವರ್ಷಕ್ಕೆ 700 ಮಿಲಿಯನ್ ಅಂತ ಡಾಡ್ಜರ್ಸ್‌ಗೆ ಹೋದ, ಹಿಂದೆಯೇ ಅದೇ ದೇಶದ ಯಮಮೊಟೊ 325ಕ್ಕೆ ಅಲ್ಲಿಗೇ ಹೋದ.

ಆದರೆ ಜಿಪುಣರು ಅನ್ನುವುದನ್ನು ನಾನು ಒಪ್ಪುವುದಿಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಮ್ಯಾಟ್ ಚಾಪ್ಮನ್‌ಗೆ 151 ಮಿಲಿಯನ್ ಕೊಟ್ಟರು. ಆ ಡಿಸೆಂಬರ್‌ನಲ್ಲಿ ವಿಲಿ ಅಡಾಮೆಸ್‌ಗೆ 182. ಅಲ್ಲಿಯವರೆಗೆ ಕ್ಲಬ್ಬಿನ ಅತಿ ದೊಡ್ಡ ಒಪ್ಪಂದ ನಮ್ಮ ಹಳೇ ಆಟಗಾರ ಬಸ್ಟರ್ ಪೋಸಿಯದ್ದು, 167. ಮಜಾ ಏನೆಂದರೆ ಅಡಾಮೆಸ್‌ನನ್ನು ತಂದಿದ್ದೂ ಪೋಸಿಯೇ, ಈಗ ಆಟಗಾರರನ್ನು ಆರಿಸುವ ಕುರ್ಚಿಯಲ್ಲಿ ಕೂತಿರುವವನು ಅವನು. 2025ರ ಜೂನ್‌ನಲ್ಲಿ ಬಾಸ್ಟನ್‌ನಿಂದ ರಾಫೆಲ್ ಡೆವರ್ಸ್ ಬಂದ, ಇನ್ನೂ 250 ಮಿಲಿಯನ್‌ಗಿಂತ ಹೆಚ್ಚು ಬಾಕಿ ಇದ್ದ ಅವನ ಒಪ್ಪಂದವನ್ನೂ ಹೊತ್ತುಕೊಂಡೇ. ಜಿಪುಣರು ಹೀಗೆ ಖರ್ಚು ಮಾಡುತ್ತಾರಾ?

ನನ್ನ ತಕರಾರು ಬೇರೆ. ದುಡ್ಡೆಲ್ಲ ಬ್ಯಾಟ್ ಹಿಡಿಯುವವರ ಕಡೆಗೇ ಹೋಗುತ್ತಿದೆ, ಚೆಂಡು ಎಸೆಯುವ ಪಿಚರ್‌ಗಳ ಕಡೆಗಲ್ಲ. ಪಿಚರ್ ಬ್ಲೇಕ್ ಸ್ನೆಲ್ 2024ರ ಆಗಸ್ಟ್‌ನಲ್ಲಿ ನಮ್ಮ ಜೆರ್ಸಿ ಹಾಕಿಕೊಂಡು ಸಿನ್ಸಿನಾಟಿಯಲ್ಲಿ ಎದುರಾಳಿಗೆ ಒಂದೂ ಹಿಟ್ ಕೊಡದೆ ಇಡೀ ಮ್ಯಾಚ್ ಎಸೆದ. ಚಳಿಗಾಲ ಬಂದದ್ದೇ ಡಾಡ್ಜರ್ಸ್ ಅವನನ್ನು 5 ವರ್ಷಕ್ಕೆ 182 ಮಿಲಿಯನ್ ಕೊಟ್ಟು ಕರೆದುಕೊಂಡರು. ನೋಡಿ, ಅದೇ 182. ಒಂದೇ ಮೊತ್ತ, ಅವರು ಪಿಚರ್ ತೆಗೆದುಕೊಂಡರು, ನಾವು ಎರಡನೇ, ಮೂರನೇ ಬೇಸ್ ನಡುವೆ ಫೀಲ್ಡಿಂಗ್ ಮಾಡುವ ಶಾರ್ಟ್‌ಸ್ಟಾಪ್ ಅಡಾಮೆಸ್‌ನನ್ನು ತೆಗೆದುಕೊಂಡೆವು. ಮರುವರ್ಷ ಕಪ್ ಎಲ್ಲಿಗೆ ಹೋಯಿತು ಅಂತ ಗೊತ್ತೇ ಇದೆ.

ಇಲ್ಲಿ ನನ್ನ ಹಳೇ ಸಹೋದ್ಯೋಗಿಯೊಬ್ಬರು ಪ್ರತಿ ಸಲ ಬ್ಯಾರಿ ಜೀಟೋ ಹೆಸರು ತೆಗೆಯುತ್ತಾರೆ. 2006ರ ಚಳಿಗಾಲದಲ್ಲಿ ಜೈಂಟ್ಸ್ ಅವನಿಗೆ 7 ವರ್ಷಕ್ಕೆ 126 ಮಿಲಿಯನ್ ಕೊಟ್ಟರು, ಆ ಕಾಲಕ್ಕೆ ಯಾವ ಪಿಚರ್‌ಗೂ ಅಷ್ಟು ಸಿಕ್ಕಿರಲಿಲ್ಲ. 2010ರ ಪ್ಲೇಆಫ್ ಹೊತ್ತಿಗೆ ಅವನನ್ನು ಟೀಮಿನಿಂದಲೇ ಹೊರಗಿಟ್ಟರು. ಇದನ್ನು ಕೇಳಿದ ಮಗಳು ಊಟದ ತಟ್ಟೆ ಪಕ್ಕಕ್ಕೆ ಸರಿಸಿ, ಲ್ಯಾಪ್‌ಟಾಪ್ ತೆರೆದು, "ಅಂಕಲ್, 2012 ಯಾಕೆ ಬಿಟ್ರಿ?" ಎಂದಳು. ಆ ವರ್ಷದ ವರ್ಲ್ಡ್ ಸೀರೀಸ್‌ನ ಮೊದಲ ಮ್ಯಾಚ್‌ನಲ್ಲಿ ಡೆಟ್ರಾಯ್ಟ್‌ನ ದೊಡ್ಡ ಪಿಚರ್ ವರ್ಲ್ಯಾಂಡರ್ ಎದುರು ಎಸೆದು ಗೆದ್ದವನು ಇದೇ ಜೀಟೋ. ಅಂಕಲ್ ಮಜ್ಜಿಗೆ ಕುಡಿದು ಸುಮ್ಮನಾದರು. ನನ್ನ ಲೆಕ್ಕ ಇಷ್ಟೇ: ಪಿಚರ್ ತೋಳಿಗೆ ಏಳು ವರ್ಷದ ಒಪ್ಪಂದ ಜೂಜು. ಸ್ನೆಲ್‌ಗೆ ಮೊದಲು ಕೊಟ್ಟಿದ್ದಂತೆ, 2 ವರ್ಷಕ್ಕೆ 62 ಮಿಲಿಯನ್, ಹಾಗೆ ಕಡಿಮೆ ವರ್ಷ, ಜಾಸ್ತಿ ದುಡ್ಡು ಕೊಡಲಿ. ನಮ್ಮ ಪಿಚರ್ ಲೋಗನ್ ವೆಬ್ ಪಕ್ಕದಲ್ಲಿ ಅಂಥ ಒಬ್ಬ ನಿಂತರೆ ಸಾಕು.

ಈಗ ಮಕ್ಕಳ ವಿಷಯ. ಈ ಜಗಳದಿಂದ ಅವಳು ಕಲಿತದ್ದನ್ನು ನಾನು ಕೂರಿಸಿ ಪಾಠ ಹೇಳಿದ್ದರೆ ಕಿವಿಗೇ ಹಾಕಿಕೊಳ್ಳುತ್ತಿರಲಿಲ್ಲ. ಒಟಾನಿಯ 700 ಮಿಲಿಯನ್ ತೆಗೆದುಕೊಳ್ಳಿ. ಆಡುವಾಗ ಅವನ ಕೈಗೆ ಬರುವುದು ವರ್ಷಕ್ಕೆ ಬರೀ 2 ಮಿಲಿಯನ್. ಉಳಿದ 680 ಮಿಲಿಯನ್ 2034ರಿಂದ 2043ರವರೆಗೆ ಕಂತಿನಲ್ಲಿ ಬರುತ್ತದೆ, ಬಡ್ಡಿ ಇಲ್ಲದೆ. ಬಡ್ಡಿ ಇಲ್ಲ ಅಂದರೆ ಇವತ್ತಿನ ಬೆಲೆ ಕಡಿಮೆ, ಹಾಗಾಗಿ ಲೀಗಿನ ಲಕ್ಷುರಿ ಟ್ಯಾಕ್ಸ್ (ಸಂಬಳದ ಮೊತ್ತ ಮಿತಿ ದಾಟಿದರೆ ಟೀಮು ಕಟ್ಟುವ ದಂಡ) ಲೆಕ್ಕದಲ್ಲಿ ಅವನು ವರ್ಷಕ್ಕೆ ಸುಮಾರು 46 ಮಿಲಿಯನ್ ಮಾತ್ರ. ಹಣದ ಇವತ್ತಿನ ಬೆಲೆ, ನಾಳಿನ ಬೆಲೆ ಅವಳಿಗೆ ಅರ್ಥವಾದದ್ದು ಹೀಗೆ. ಇನ್ನೊಂದಿದೆ. 1996ರ ಫೆಡರಲ್ ಕಾನೂನಿನ ಪ್ರಕಾರ ಹೀಗೆ ಹತ್ತು ವರ್ಷಕ್ಕೆ ಹಂಚಿ ಬರುವ ಹಣಕ್ಕೆ, ಆ ಹೊತ್ತಿಗೆ ನೀವು ವಾಸವಿಲ್ಲದ ರಾಜ್ಯ ತೆರಿಗೆ ಹಾಕುವಂತಿಲ್ಲ. ಅಷ್ಟರಲ್ಲಿ ಒಟಾನಿ ಕ್ಯಾಲಿಫೋರ್ನಿಯಾ ಬಿಟ್ಟರೆ ಇಲ್ಲಿನ 13.3 ಪರ್ಸೆಂಟ್ ತಪ್ಪಿತು. ರಾಜ್ಯದ ಹಣಕಾಸು ಕಂಟ್ರೋಲರ್ 2024ರಲ್ಲೇ ಇದಕ್ಕೆ ಆಕ್ಷೇಪ ಎತ್ತಿದ್ದರು. ಕಂಪನಿ ಷೇರಿನ ರೂಪದಲ್ಲಿ ಕೊಡುವ ನಮ್ಮ ಆರ್‌ಎಸ್‌ಯು ಆದರೆ ವೆಸ್ಟ್ ಆದ, ಅಂದರೆ ಕೈಗೆ ಬಂದ, ದಿನವೇ ತೆರಿಗೆ ಕತ್ತರಿ ಬೀಳುತ್ತದೆ, ಅಲ್ವಾ!

ಒಂದು ದಿನ ಫ್ರೀ ಏಜೆನ್ಸಿ ವಿಷಯ ಬಂತು. ಆಟಗಾರ ಮೇಜರ್ ಲೀಗಿಗೆ ಬಂದ ಮೇಲೆ ಆರು ವರ್ಷದ ಸೇವೆ ಮುಗಿಯುವವರೆಗೆ ತನ್ನಿಷ್ಟದ ಟೀಮಿಗೆ ಹೋಗುವಂತಿಲ್ಲ. ಮೊದಲ ಮೂರು ವರ್ಷ ಹೆಚ್ಚುಕಡಿಮೆ ಕನಿಷ್ಠ ಸಂಬಳ, ಆಮೇಲೆ ಪಂಚಾಯಿತಿ ಮಾಡಿ ಏರಿಕೆ. ಅವಳು ಸ್ವಲ್ಪ ಹೊತ್ತು ಯೋಚಿಸಿ, "ಅಪ್ಪಾ, ಎಚ್-1ಬಿ ವೀಸಾದಲ್ಲಿ ನೀನೂ ಟೀಮ್ ಕಂಟ್ರೋಲ್‌ನಲ್ಲೇ ಇದ್ದೆ ಅಲ್ವಾ?" ಎಂದಳು. ಪೂರ್ತಿ ಹಾಗಲ್ಲ, ಕೆಲಸ ಬದಲಿಸಬಹುದಿತ್ತು, ಆದರೆ ಹೊಸ ಕಂಪನಿ ಗ್ರೀನ್ ಕಾರ್ಡಿಗೆ ಪರ್ಮ್ ಅನ್ನುವ ಅರ್ಜಿಯನ್ನು ಮೊದಲಿಂದ ಶುರು ಮಾಡಬೇಕಿತ್ತು ಎಂದೆ. ಒಂದೇ ಕಂಪನಿಯಲ್ಲಿ ನಾವು ಯಾಕೆ ಅಷ್ಟು ವರ್ಷ ಹಲ್ಲು ಕಚ್ಚಿ ಕೂತೆವು, ಅವಳ ಅಮ್ಮ ಯಾಕೆ ಆಗ ಕೆಲಸಕ್ಕೆ ಹೋಗಲಿಲ್ಲ, ಎಲ್ಲ ಆವತ್ತು ರಾತ್ರಿ ಕೇಳಿಸಿಕೊಂಡಳು. ನಾವಾಗಿ ಅದನ್ನು ಎಂದೂ ಹೇಳಿರಲಿಲ್ಲ.

ಕನ್ನಡ ಉಳಿಯುತ್ತದಾ ಅಂತ ಕೇಳುವವರಿಗೆ: ನಮ್ಮ ಮನೆಯಲ್ಲಿ ಅವಳು ಉದ್ದುದ್ದ ಕನ್ನಡ ಮಾತಾಡುವುದು ಹಾಸನದಲ್ಲಿರುವ ತಾತನ ಜೊತೆ, ಅದೂ ಈ ವಿಷಯಕ್ಕೇ. ತಾತನಿಗೆ ಆರ್‌ಸಿಬಿ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ. 2024ರ ಜೆಡ್ಡಾ ಐಪಿಎಲ್ ಹರಾಜಿನಲ್ಲಿ ನಮ್ಮ ಹುಡುಗ ಕೆ.ಎಲ್. ರಾಹುಲ್‌ನನ್ನು ಡೆಲ್ಲಿಗೆ 14 ಕೋಟಿಗೆ ಬಿಟ್ಟುಬಿಟ್ಟರಲ್ಲ ಎಂದು. ಆ ದುಡ್ಡು ಉಳಿಸಿ ಹೇಜಲ್‌ವುಡ್, ಭುವನೇಶ್ವರ್‌ನನ್ನು ತಂದದ್ದಕ್ಕೇ 2025ರಲ್ಲಿ ಕಪ್ ಬಂತು, ಬೌಲಿಂಗ್ ಮುಖ್ಯ ತಾತ ಅಂತ ಇವಳ ವಾದ.

"ನಿಮ್ಮಲ್ಲಿ ಪರ್ಸ್ ಎಷ್ಟು ಪುಟ್ಟಿ? ನಮ್ಮಲ್ಲಿ ಆ ಹರಾಜಿಗೆ 120 ಕೋಟಿ ದಾಟೋ ಹಾಗಿರಲಿಲ್ಲ."

"ಇಲ್ಲಿ ಲಿಮಿಟ್ಟೇ ಇಲ್ಲ ತಾತ. ಜಾಸ್ತಿ ಆದ್ರೆ ಫೈನ್ ಕಟ್ಟಬೇಕು ಅಷ್ಟೆ."

"ಅದ್ಯಾವ ಸೀಮೆ ಆಟ!" ಎಂದು ಅವರು ನಕ್ಕದ್ದು ನನಗೆ ಅಡುಗೆಮನೆಗೂ ಕೇಳಿಸಿತು.

ಖರ್ಚಿಗೆ ಹೆದರುವವರಿಗೆ ಒಂದು ಮಾತು. ಸೀಸನ್ ಟಿಕೆಟ್ ಗೋಜಿಗೆ ಹೋಗಬೇಡಿ. ವಾರದ ಮಧ್ಯದ ಮ್ಯಾಚ್‌ಗೆ, ಮೇಲಿನ ಅಂತಸ್ತಿನ ಸೀಟು ತೆಗೆದುಕೊಂಡು, ಕ್ಯಾಲ್‌ಟ್ರೇನ್ ಹತ್ತಿ ಹೋಗಿ. ಕೊನೆಯ ನಿಲ್ದಾಣದಿಂದ ಜೈಂಟ್ಸ್ ಮೈದಾನ ಓರಾಕಲ್ ಪಾರ್ಕ್‌ಗೆ ನಡೆದೇ ಹೋಗಬಹುದು. ಹೊರಗಿನ ತಿಂಡಿ ಒಳಗೆ ಬಿಡುತ್ತಾರೆ, ಪುಳಿಯೋಗರೆ ಡಬ್ಬಿ ಧಾರಾಳವಾಗಿ ಒಯ್ಯಬಹುದು. ಸ್ವೆಟರ್ ಮರೆಯಬೇಡಿ, ಜುಲೈನಲ್ಲೂ ನಡುಗಿಸುತ್ತದೆ. ಊಟದ ಹೊತ್ತಿಗೆ ಫೋನ್ ಬೇಡ ಅನ್ನುವ ನಿಯಮ ನಮ್ಮಲ್ಲೂ ಇದೆ. ಲ್ಯಾಪ್‌ಟಾಪ್ ಬಗ್ಗೆ ನಿಯಮ ಮಾಡಬೇಕಿತ್ತು ಅಂತ ನನ್ನ ಹೆಂಡತಿ ಹೇಳುತ್ತಾಳೆ.

ಫ್ರೀಮಾಂಟ್, ಹೇವರ್ಡ್ ಕಡೆಯವರನ್ನು ಒಂದು ಕೇಳಬೇಕು. ನಿಮ್ಮ ಪಕ್ಕದ ಓಕ್ಲೆಂಡ್‌ನ ಬೇಸ್‌ಬಾಲ್ ಟೀಮು ಎ'ಸ್ 2024ರ ಸೆಪ್ಟೆಂಬರ್‌ನಲ್ಲಿ ಕೊನೇ ಮ್ಯಾಚ್ ಆಡಿ ಊರು ಬಿಟ್ಟರು, ಈಗ ವೆಸ್ಟ್ ಸ್ಯಾಕ್ರಮೆಂಟೊದಲ್ಲಿ ಬಿಡಾರ, ಮುಂದೆ ಲಾಸ್ ವೇಗಸ್ ಅಂತೆ. ಅವರ ಟೋಪಿ ಹಾಕಿಕೊಂಡು ಬೆಳೆದ ನಿಮ್ಮ ಮಕ್ಕಳು ಈಗ ಯಾರ ಕಡೆ? ನಮ್ಮ ಕಡೆ ಬಂದರೆ ಜಾಗ ಇದೆ. ಡಾಡ್ಜರ್ಸ್ ಅಂತ ಮಾತ್ರ ಹೇಳಬೇಡಿ.