ಕಂಪ್ಯೂಟರ್ ಆನ್ ಆಗುತ್ತದೆ, ಡಿಸ್‌ಪ್ಲೇ ಮಾತ್ರ ಬರುತ್ತಿಲ್ಲ: ಅನುಭವವಿರುವವರು ದಯವಿಟ್ಟು ತಿಳಿಸಿ

ಪ್ರಶ್ನೆ, ಚಿಂತಾಮಣಿಯಿಂದ

ನಾನು ಚಿಂತಾಮಣಿಯಲ್ಲಿ ಜೆರಾಕ್ಸ್ ಅಂಗಡಿ ನಡೆಸುತ್ತಿದ್ದೇನೆ. ಪಹಣಿ ತೆಗೆದುಕೊಡುವುದು, ಸೇವಾ ಸಿಂಧು ಅರ್ಜಿ ತುಂಬುವುದು ಎಲ್ಲವೂ ಒಂದೇ ಡೆಸ್ಕ್‌ಟಾಪ್‌ನಲ್ಲಿ ಆಗಬೇಕು. ಭಾನುವಾರ ಅಂಗಡಿಗೆ ರಜೆ ಇದ್ದುದರಿಂದ ಕ್ಯಾಬಿನೆಟ್ ಬಿಚ್ಚಿ ಒಳಗಿನ ಧೂಳು ತೆಗೆದೆ. ಸೋಮವಾರ ಬಟನ್ ಒತ್ತಿದರೆ ಫ್ಯಾನ್ ತಿರುಗುತ್ತದೆ, ದೀಪ ಹತ್ತುತ್ತದೆ, ಆದರೆ ಮಾನಿಟರ್‌ನಲ್ಲಿ ‘ನೋ ಸಿಗ್ನಲ್’ ಎಂದು ಬಂದು ಕಪ್ಪಾಗುತ್ತದೆ. ಬೀಪ್ ಶಬ್ದವೂ ಇಲ್ಲ. 4 ಜಿಬಿಯ ಎರಡು ಡಿಡಿಆರ್4 ರ‍್ಯಾಮ್ ಇವೆ, ಗ್ರಾಫಿಕ್ಸ್ ಕಾರ್ಡ್ ಇಲ್ಲ. ರಿಪೇರಿಯವರೊಬ್ಬರು ಲಕ್ಷಣ ಕೇಳಿಯೇ ಮದರ್‌ಬೋರ್ಡ್ ಹೋಗಿದೆ ಎಂದುಬಿಟ್ಟರು. ಮುಂದೇನು ಮಾಡಲಿ?

ಉತ್ತರ, ಚಿಕ್ಕಬಳ್ಳಾಪುರದಿಂದ

ನೀವು ಬರೆದಿರುವುದರಲ್ಲಿ ನನಗೆ ಮುಖ್ಯವಾಗಿ ಕಂಡದ್ದು ‘ಧೂಳು ತೆಗೆದೆ’ ಎಂಬ ಮಾತು. ಶನಿವಾರದವರೆಗೆ ಸರಿಯಾಗಿ ನಡೆಯುತ್ತಿದ್ದ ಯಂತ್ರ ಕೈಯಾಡಿಸಿದ ಮರುದಿನವೇ ನಿಂತಿದ್ದರೆ, ಯಾವುದೋ ಭಾಗ ಸುಟ್ಟಿರುವುದಕ್ಕಿಂತ ಎಲ್ಲೋ ಒಂದು ಕಡೆ ಸಂಪರ್ಕ ತಪ್ಪಿರುವ ಸಾಧ್ಯತೆಯೇ ಹೆಚ್ಚು. ಆದ್ದರಿಂದ ಹೊಸ ಬೋರ್ಡ್ ತರಲು ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೊರಡುವ ಮುನ್ನ ಒಂದು ಸಂಜೆಯನ್ನು ಇದಕ್ಕಾಗಿ ಮೀಸಲಿಡಿ.

ಮೊದಲು ಕ್ಯಾಬಿನೆಟ್ ಮುಚ್ಚಿರುವಾಗಲೇ ಒಂದು ಪರೀಕ್ಷೆ ಮಾಡಿ. ಯಂತ್ರವನ್ನು ಆನ್ ಮಾಡಿ, ಒಂದು ನಿಮಿಷ ಬಿಟ್ಟು, ಕೀಬೋರ್ಡಿನ ನಮ್ ಲಾಕ್ ಒತ್ತಿ. ಒತ್ತಿದಂತೆಲ್ಲ ಅದರ ದೀಪ ಹತ್ತಿ ಆರುತ್ತಿದ್ದರೆ ಕಂಪ್ಯೂಟರ್ ಒಳಗೆ ಕೆಲಸ ಮಾಡುತ್ತಿದೆ ಎಂದೇ ತಿಳಿಯಬಹುದು. ಆಗ ಹುಡುಕಬೇಕಾದದ್ದು ಕೇಬಲ್, ಮಾನಿಟರ್ ಮತ್ತು ಮಾನಿಟರ್‌ನಲ್ಲಿ ಆಯ್ಕೆಯಾಗಿರುವ ಇನ್‌ಪುಟ್, ಈ ಮೂರನ್ನು ಮಾತ್ರ. ದೀಪ ಕದಲದೇ ಹೋದರೆ ಯಂತ್ರ ತನ್ನ ಆರಂಭಿಕ ಪರೀಕ್ಷೆಯನ್ನೇ ದಾಟಿಲ್ಲ, ಒಳಗೆ ನೋಡಬೇಕು.

ಒಳಗೆ ಕೈಹಾಕುವ ಮೊದಲು ಪವರ್ ಕಾರ್ಡನ್ನು ಗೋಡೆಯಿಂದ ಕಿತ್ತು, ಆನ್ ಬಟನ್ನನ್ನು ಹತ್ತು ಸೆಕೆಂಡ್ ಒತ್ತಿ ಹಿಡಿದು, ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹದ ಭಾಗವನ್ನು ಒಮ್ಮೆ ಮುಟ್ಟಿ. ಮೈಯಲ್ಲಿರುವ ಸ್ಥಿರ ವಿದ್ಯುತ್ತು ಚಿಪ್‌ಗೆ ತಾಗದಿರಲು ಇದು ಅಗತ್ಯ. ಬಳಿಕ ಪ್ರೊಸೆಸರ್ ಪಕ್ಕಕ್ಕೆ ಬರುವ 4 ಅಥವಾ 8 ಪಿನ್ನಿನ 12 ವೋಲ್ಟ್ ಕನೆಕ್ಟರ್ ಪೂರ್ತಿ ಕುಳಿತಿದೆಯೇ ನೋಡಿ. ಧೂಳು ಒರೆಸುವಾಗ ಇದು ಸಡಿಲಾದರೆ ನೀವು ಹೇಳಿದ ಲಕ್ಷಣವೇ ಬರುತ್ತದೆ: 24 ಪಿನ್ನಿನ ದೊಡ್ಡ ಕನೆಕ್ಟರಿನಿಂದ ಫ್ಯಾನುಗಳು ತಿರುಗುತ್ತವೆ, ಪ್ರೊಸೆಸರಿಗೆ ಮಾತ್ರ ವಿದ್ಯುತ್ತು ತಲುಪುವುದಿಲ್ಲ.

ಅದು ಸರಿಯಾಗಿದ್ದರೆ ರ‍್ಯಾಮ್ ಕಡೆಗೆ ಬನ್ನಿ. ನಾನು ಒಂದು ಪಿಯು ಕಾಲೇಜಿನ ಲ್ಯಾಬ್ ನೋಡಿಕೊಳ್ಳುತ್ತೇನೆ. ಡಿಸ್‌ಪ್ಲೇ ಇಲ್ಲವೆಂದು ನನ್ನ ಮೇಜಿಗೆ ಬಂದ ಯಂತ್ರಗಳಲ್ಲಿ ಹೆಚ್ಚಿನವು ಇಲ್ಲಿಯೇ ಸರಿಹೋಗಿವೆ. ಎರಡೂ ರ‍್ಯಾಮ್‌ಗಳನ್ನು ತೆಗೆದು, ಚಿನ್ನದ ಬಣ್ಣದ ಅಂಚನ್ನು ಮಕ್ಕಳು ಬಳಸುವ ಬಿಳಿ ರಬ್ಬರಿನಿಂದ ಹಗುರವಾಗಿ ಉಜ್ಜಿ, ಪುಡಿಯನ್ನು ಒಣ ಬಟ್ಟೆಯಿಂದ ಪೂರ್ತಿ ಒರೆಸಿ. ನಂತರ ಒಂದನ್ನು ಮಾತ್ರ ಒಂದು ಸ್ಲಾಟಿಗೆ ಹಾಕಿ, ತುದಿಯ ಹಿಡಿ ‘ಟಕ್’ ಎಂದು ಕೂರುವವರೆಗೆ ಎರಡೂ ಕಡೆ ಸಮನಾಗಿ ಒತ್ತಿ, ಆನ್ ಮಾಡಿ ನೋಡಿ. ಬರದಿದ್ದರೆ ಅದೇ ರ‍್ಯಾಮನ್ನು ಇನ್ನೊಂದು ಸ್ಲಾಟಿಗೆ ಹಾಕಿ, ಆಮೇಲೆ ಇನ್ನೊಂದು ರ‍್ಯಾಮಿನಿಂದ ಹೀಗೆಯೇ ಪರೀಕ್ಷಿಸಿ. ಪ್ರತಿ ಬಾರಿಯೂ ಪವರ್ ಕಾರ್ಡ್ ತೆಗೆದೇ ಬದಲಿಸಬೇಕು.

ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಿ ಎಂದು ನಾನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ಒಮ್ಮೆ ಪ್ರಾಯೋಗಿಕ ಪರೀಕ್ಷೆಯ ಹಿಂದಿನ ದಿನ ಆತುರದಲ್ಲಿ ರ‍್ಯಾಮ್, ಸೆಲ್, ಕೇಬಲ್ ಮೂರನ್ನೂ ಒಟ್ಟಿಗೆ ಬದಲಿಸಿದೆ. ಯಂತ್ರ ಮತ್ತೆ ಚಾಲೂ ಆಯಿತು, ಆದರೆ ದೋಷ ಯಾವುದರಲ್ಲಿತ್ತು ಎಂಬುದು ತಿಳಿಯಲಿಲ್ಲ. ಮೂರು ವಾರದ ನಂತರ ಅದೇ ಯಂತ್ರ ಮತ್ತೆ ನಿಂತಾಗ ಮೊದಲಿನಿಂದ ಹುಡುಕಬೇಕಾಯಿತು. ಈಗ ಪ್ರತಿ ಹೆಜ್ಜೆಯನ್ನೂ ಚೀಟಿಯಲ್ಲಿ ಬರೆದಿಟ್ಟುಕೊಳ್ಳುತ್ತೇನೆ.

ರ‍್ಯಾಮಿನಿಂದಲೂ ಆಗದಿದ್ದರೆ ಬೋರ್ಡಿನ ಮೇಲಿರುವ 3 ವೋಲ್ಟಿನ ಸಿಆರ್2032 ಸೆಲ್ಲನ್ನು ಹತ್ತು ನಿಮಿಷ ತೆಗೆದಿಟ್ಟು ಮತ್ತೆ ಹಾಕಿ. ಬಯೋಸ್‌ನ (ಯಂತ್ರ ಆನ್ ಆದೊಡನೆ ಮೊದಲು ಕೆಲಸ ಮಾಡುವ, ಬೋರ್ಡಿನಲ್ಲೇ ಇರುವ ತಂತ್ರಾಂಶ) ಸೆಟ್ಟಿಂಗ್‌ಗಳು ಮೊದಲಿನ ಸ್ಥಿತಿಗೆ ಮರಳುತ್ತವೆ. ಪ್ರೊಸೆಸರನ್ನು ಮಾತ್ರ ಸದ್ಯಕ್ಕೆ ಮುಟ್ಟಬೇಡಿ.

ಇನ್ನು ಬೀಪ್ ವಿಷಯ. ಜೋಡಿಸಿ ಕೊಡುವ ಎಷ್ಟೋ ಕಂಪ್ಯೂಟರ್‌ಗಳಲ್ಲಿ ಆ ಶಬ್ದ ಮಾಡುವ ಪುಟ್ಟ ಸ್ಪೀಕರನ್ನೇ ಹಾಕಿರುವುದಿಲ್ಲವಾದ್ದರಿಂದ ಬೀಪ್ ಇಲ್ಲವೆಂದ ಮಾತ್ರಕ್ಕೆ ಬೋರ್ಡ್ ಸತ್ತಿದೆ ಎನ್ನಲಾಗದು. ಅಂಥದೊಂದು ಸ್ಪೀಕರ್ ಸಿಕ್ಕಿಸಿ, ರ‍್ಯಾಮ್ ಎಲ್ಲವನ್ನೂ ತೆಗೆದು ಆನ್ ಮಾಡಿ. ಆಗ ಬೀಪ್ ಬಂದರೆ ಬೋರ್ಡೂ ಪ್ರೊಸೆಸರೂ ಜೀವಂತವಾಗಿವೆ, ರ‍್ಯಾಮ್ ಇಲ್ಲವೆಂದು ಅವೇ ದೂರು ಹೇಳುತ್ತಿವೆ ಎಂದರ್ಥ. ಲಕ್ಷಣ ಕೇಳಿ ಹೇಳಿದ ತೀರ್ಪಿಗಿಂತ ಈ ಶಬ್ದವನ್ನು ನಾನು ಹೆಚ್ಚು ನಂಬುತ್ತೇನೆ.

ಉತ್ತರ, ಶಿಡ್ಲಘಟ್ಟದಿಂದ

ರ‍್ಯಾಮ್ ಬಗ್ಗೆ ಮೇಲಿನವರು ಹೇಳಿದ್ದು ನಮ್ಮಲ್ಲಿಯೂ ನಿಜವಾಗಿದೆ. ನಮ್ಮದು ರೇಷ್ಮೆ ನೂಲು ಬಿಚ್ಚುವ ಘಟಕ. ಲೆಕ್ಕದ ಕಂಪ್ಯೂಟರನ್ನು ಗೂಡು ಬೇಯಿಸುವ ಜಾಗದ ಪಕ್ಕದ ಕೋಣೆಯಲ್ಲಿಟ್ಟಿದ್ದೆವು. ರ‍್ಯಾಮ್ ತೆಗೆದು ಉಜ್ಜಿದರೆ ಡಿಸ್‌ಪ್ಲೇ ಬರುವುದು, ಹದಿನೈದು ದಿನಕ್ಕೆ ಮತ್ತೆ ಹೋಗುವುದು, ಹೀಗೆ ಎರಡು ತಿಂಗಳು ಕಳೆಯಿತು. ಬೆಳಕಿಗೆ ಹಿಡಿದು ನೋಡಿದರೆ ಪಿನ್‌ಗಳ ಮೇಲೆ ಮಬ್ಬು ಪದರ ಕಟ್ಟಿರುತ್ತಿತ್ತು. ಹಬೆ ತಾಕದ ಮುಂದಿನ ಕೋಣೆಗೆ ಯಂತ್ರವನ್ನು ಸಾಗಿಸಿದ ಮೇಲೆ ಆ ತೊಂದರೆ ಮರುಕಳಿಸಿಲ್ಲ. ಉಜ್ಜಲು ಸ್ಯಾಂಡ್‌ಪೇಪರ್ ಮಾತ್ರ ಬಳಸಬೇಡಿ, ಚಿನ್ನದ ಲೇಪನವೇ ಕಿತ್ತುಬರುತ್ತದೆ.

ಉತ್ತರ, ಕೋಲಾರದಿಂದ

ಫ್ಯಾನ್ ತಿರುಗಿದ ಮಾತ್ರಕ್ಕೆ ಎಸ್‌ಎಂಪಿಎಸ್ (ಕಂಪ್ಯೂಟರಿನ ಭಾಗಗಳಿಗೆ ವಿದ್ಯುತ್ತು ಕೊಡುವ ಡಬ್ಬಿ) ಸರಿಯಿದೆ ಎನ್ನುವಂತಿಲ್ಲ. 12 ವೋಲ್ಟಿನ ತಂತಿಯಲ್ಲಿ 11.4ರಿಂದ 12.6ರೊಳಗೆ ಇರಬೇಕು, ಅದಕ್ಕಿಂತ ಕಡಿಮೆಯಾದರೂ ಫ್ಯಾನ್ ತಿರುಗುತ್ತಲೇ ಇರುತ್ತದೆ. ಸ್ನೇಹಿತರ ಒಳ್ಳೆಯ ಎಸ್‌ಎಂಪಿಎಸ್ ಒಂದನ್ನು ತಂದು ಹಾಕಿ ನೋಡುವುದು ಸುಲಭದ ದಾರಿ. ಆದರೆ ಅದರ ಡಬ್ಬಿಯನ್ನು ಮಾತ್ರ ಬಿಚ್ಚಬೇಡಿ, ಕಾರ್ಡ್ ಕಿತ್ತ ಮೇಲೂ ಒಳಗಿನ ಕೆಪಾಸಿಟರ್‌ಗಳಲ್ಲಿ ಅಪಾಯಕಾರಿ ವಿದ್ಯುತ್ತು ಉಳಿದಿರಬಹುದು.

ಮತ್ತೆ ಚಿಂತಾಮಣಿಯಿಂದ

ಎಲ್ಲರಿಗೂ ಮನಸಾರೆ ಕೃತಜ್ಞನಾಗಿದ್ದೇನೆ. ನಮ್ ಲಾಕ್ ದೀಪ ಕದಲಲಿಲ್ಲ, 12 ವೋಲ್ಟಿನ ಕನೆಕ್ಟರ್ ಸರಿಯಾಗಿತ್ತು. ಮೊದಲ ಸ್ಲಾಟಿನಲ್ಲಿ ಎರಡು ರ‍್ಯಾಮಿಗೂ ಡಿಸ್‌ಪ್ಲೇ ಬರಲಿಲ್ಲ, ಎರಡನೆಯದರಲ್ಲಿ ಎರಡಕ್ಕೂ ಬಂತು. ಮೊಬೈಲ್ ಟಾರ್ಚ್ ಹಿಡಿದು ಮೊದಲ ಸ್ಲಾಟಿನೊಳಗೆ ನೋಡಿದಾಗ ನಾನು ಧೂಳು ಹೊಡೆದ ಪೇಂಟ್ ಬ್ರಷ್ಷಿನ ಒಂದು ಕೂದಲು ಪಿನ್‌ಗಳ ನಡುವೆ ಅಡ್ಡ ಬಿದ್ದಿತ್ತು. ಚಿಮಟದಿಂದ ತೆಗೆದೆ, ಈಗ 8 ಜಿಬಿ ಪೂರ್ತಿ ತೋರಿಸುತ್ತಿದೆ. ನಡುವೆ ಸೆಲ್ಲನ್ನೂ ಒಮ್ಮೆ ತೆಗೆದಿದ್ದೆ. ಈಗ ಯಾವ ವೆಬ್‌ಸೈಟ್ ತೆರೆದರೂ ‘ಸಂಪರ್ಕ ಸುರಕ್ಷಿತವಲ್ಲ’ ಎನ್ನುತ್ತಿದೆ, ಇದೇಕೆ?

ಉತ್ತರ, ಚಿಕ್ಕಬಳ್ಳಾಪುರದಿಂದ

ಸೆಲ್ ತೆಗೆದಾಗ ದಿನಾಂಕ ಹಿಂದಕ್ಕೆ ಹೋಗಿರುತ್ತದೆ, ಆ ಹಳೆಯ ದಿನಾಂಕಕ್ಕೆ ವೆಬ್‌ಸೈಟಿನ ಭದ್ರತಾ ಪ್ರಮಾಣಪತ್ರ ಹೊಂದುವುದಿಲ್ಲ. ಬಯೋಸ್‌ಗೆ ಹೋಗಿ ಇಂದಿನ ದಿನಾಂಕ ಮತ್ತು ಸಮಯ ಸರಿಪಡಿಸಿ. ರಾತ್ರಿ ಸ್ವಿಚ್ ಆರಿಸಿ, ಬೆಳಿಗ್ಗೆ ಆನ್ ಮಾಡಿದಾಗ ದಿನಾಂಕ ಮತ್ತೆ ಹಿಂದೆ ಸರಿದಿದ್ದರೆ ಹೊಸ ಸೆಲ್ ಹಾಕಿಸಿಕೊಳ್ಳಿ.